ಕೆಂಚನ ಪಾಲು

ಹೋದ ತಿಂಗಳು ಕೊಳ್ಳೇಗಾಲದ ಮಾಂಸದಂಗಡಿಯಲ್ಲಿ ನಾನು ಮಾಡಿದ ರಂಪವನ್ನು ನನ್ನ ಸೊಸೆ ಇನ್ನೂ ಮರೆತಿಲ್ಲ. ಇನ್ನು ಅತ್ತೆಯ ಜೊತೆ ಅಂಗಡಿಗೆ ಹೋಗುವುದಿಲ್ಲ ಎಂದು ನನ್ನ ಮಗನ ಹತ್ತಿರ ಹೇಳಿದಳಂತೆ. ಹೇಳಲಿ. ಆಗಿದ್ದಿಷ್ಟೇ: ಅಂಗಡಿಯವನು ಹಲಗೆಯ ಮೇಲೆ ಕುರಿಯ ಈಲಿ ಹರಡಿಕೊಂಡಿದ್ದ. ಈಲಿ ಎಂದರೆ ಈಗಿನವರ ಬಾಯಲ್ಲಿ ಲಿವರ್. ಅದರ ಅಂಚಿನಲ್ಲಿ ನಿಂಬೆಹಣ್ಣಿನ ಗಾತ್ರದ ಬಿಳಿ ಗುಳ್ಳೆಯೊಂದಿತ್ತು. ಅವನು ಅದನ್ನು ಚಾಕುವಿನ ತುದಿಯಲ್ಲಿ ಎಬ್ಬಿಸಿ, ಅತ್ತ ನೋಡದೆಯೇ ಹಲಗೆಯ ಕೆಳಗೆ ಎಸೆದ. ಅಲ್ಲೊಂದು ನಾಯಿ ಕಾದು ಕೂತಿತ್ತು. "ಏಯ್, ಆಕ್ಬೇಡ ಕಣಯ್ಯಾ!" ಎಂದು ಕೂಗಿದವಳೇ ನಾಯಿಗಿಂತ ಮುಂಚೆ ಚಪ್ಪಲಿ ಕಾಲನ್ನು ಅದರ ಮೇಲೆ ಇಟ್ಟೆ. ಗುಳ್ಳೆ ಒಡೆದು ಕಾಲ್ಬೆರಳು ಒದ್ದೆಯಾಯಿತು.

ಹಸಿ ಈಲಿಯ ವಾಸನೆ, ಕಾಲಿನ ಮೇಲೆ ಆ ತಣ್ಣನೆಯ ನೀರು. ಎಪ್ಪತ್ತು ದಾಟಿದ ನಾನು ಅಂಗಡಿಯ ಮುಂದೆ ನಿಂತಲ್ಲೇ ಐವತ್ತು ವರ್ಷ ಹಿಂದಕ್ಕೆ ಹೋದೆ.

ಒಡೆಯರಪಾಳ್ಯದ ಕಡೆ ಟಿಬೆಟಿನವರು ಬಂದು ನೆಲೆ ನಿಂತ ವರ್ಷ ಅದು. ನಾನು ಮದುವೆಯಾಗಿ ಹನೂರಿನಾಚೆಯ ಕಾಡಂಚಿನ ಊರಿಗೆ ಬಂದು ಎರಡು ವರ್ಷವಾಗಿತ್ತು. ನನ್ನ ತವರು ಯಳಂದೂರಿನ ಹತ್ತಿರದ ಹೊನ್ನೂರು. ಗದ್ದೆ, ಕಬ್ಬು, ತೆಂಗು ನೋಡಿ ಬೆಳೆದವಳು. ಇಲ್ಲಿ ನೋಡಿದರೆ ಮುಳ್ಳುಬೇಲಿಯ ದೊಡ್ಡಿ, ಅದರ ತುಂಬ ಕುರಿ, ಬಾಗಿಲಲ್ಲಿ ಒಂದು ನಾಯಿ. ಮೊದಲ ಆರು ತಿಂಗಳು ಕುಡಿಯುವ ನೀರಿನಲ್ಲೂ ನನಗೆ ಕುರಿಯ ವಾಸನೆ ಬರುತ್ತಿತ್ತು. ಆಮೇಲೆ ಬರಲಿಲ್ಲ. ಅಷ್ಟು ಹೊತ್ತಿಗೆ ನನ್ನ ಮೈಯೂ ಅದೇ ವಾಸನೆ ಹೊಡೆಯುತ್ತಿತ್ತು ಅಂತ ಕಾಣುತ್ತದೆ.

ಮನೆಯಲ್ಲಿ ನಾವು ಮೂವರು: ನಮ್ಮತ್ತೆ, ನಮ್ಮ ಯಜಮಾನರು, ನಾನು. ಯಜಮಾನರನ್ನು ಊರವರು ಮಾದೇವ ಎನ್ನುತ್ತಿದ್ದರು. ಹೆಸರು ಹಿಡಿದು ನಾನೆಂದೂ ಕರೆದವಳಲ್ಲ. ಈಗೊಮ್ಮೆ ಬರೆದಾಯಿತು, ಇನ್ನು ಬರೆಯುವುದಿಲ್ಲ. ನಾಯಿಯ ಹೆಸರು ಕೆಂಚ. ದೊಡ್ಡಿಗೆ ನುಗ್ಗಿದ ಚಿರತೆಯ ಮೇಲೆ ಬಿದ್ದು ಒಂದು ಕಿವಿ ಕಳೆದುಕೊಂಡಿತ್ತು. ಆ ಹೊತ್ತಿನಲ್ಲಿ ಯಜಮಾನರು ದೊಡ್ಡಿಯೊಳಗೆ ಕಂಬಳಿ ಹೊದ್ದು ಮಲಗಿದ್ದರಂತೆ. ಕೆಂಚ ಇಲ್ಲದಿದ್ದರೆ ನನ್ನ ಮದುವೆ ಬೇರೆ ಯಾರ ಜೊತೆಗೋ ಆಗುತ್ತಿತ್ತು.

ಆ ಮನೆಯಲ್ಲಿ ಒಂದು ಪದ್ಧತಿ. ಹಬ್ಬಕ್ಕಾಗಲಿ, ನೆಂಟರಿಗಾಗಲಿ, ಕುರಿ ಕುಯ್ದಾಗ ಒಲೆಗೆ ಮಡಕೆ ಏರುವ ಮೊದಲು ಕಾವಲು ನಾಯಿಯ ಪಾಲು ತೆಗೆದು ದೊಡ್ಡಿಯ ಬಾಗಿಲಿನ ಕಲ್ಲಿನ ಮೇಲೆ ಇಡಬೇಕು. ಆ ಪಾಲು ಎಂದರೆ ಈಲಿಯಲ್ಲೋ ಶ್ವಾಸಕೋಶದಲ್ಲೋ ನೀರುಗುಳ್ಳೆ ಎದ್ದ ಚೂರುಗಳು. ಮನುಷ್ಯರು ಅದನ್ನು ತಿನ್ನುತ್ತಿರಲಿಲ್ಲ. "ಕಾಯೋನಿಗೆ ಮೊದ್ಲು, ಉಣ್ಣೋರಿಗೆ ಆಮೇಲೆ" ಎನ್ನುತ್ತಿದ್ದರು ಅತ್ತೆ. ಅವರ ಮಾವನ ಕಾಲದಿಂದ ಎಷ್ಟೋ ನಾಯಿಗಳು ಆ ಕಲ್ಲಿನ ಮೇಲೆ ಉಂಡು ಹೋಗಿದ್ದವು. ನಾನು ಬಂದ ಮೇಲೆ ಆ ಕೆಲಸ ನನ್ನದಾಯಿತು. ಗುಳ್ಳೆ ಒಡೆಯದ ಹಾಗೆ ಸುತ್ತ ಕುಯ್ದು ತೆಗೆಯುವುದನ್ನು ಅತ್ತೆಯೇ ಕಲಿಸಿದರು. ಕೆಂಚ ಗಬಕ್ಕನೆ ನುಂಗಿ, ಬಾಯಿ ನೆಕ್ಕಿಕೊಂಡು, ನನ್ನ ಕೈಯನ್ನೂ ನೆಕ್ಕುತ್ತಿತ್ತು.

ಯಜಮಾನರು ಉಣ್ಣುತ್ತಿದ್ದುದು ಆ ಕಲ್ಲಿನ ಪಕ್ಕದಲ್ಲೇ. ಮುದ್ದೆ ಮುರಿದು ಒಂದು ತುತ್ತು ತಮಗೆ, ಒಂದು ತುತ್ತು ಕೆಂಚನಿಗೆ. ಕೈ ಒಂದೇ. ನಾಯಿ ಬೆರಳುಗಳನ್ನು ನೆಕ್ಕಿ ಬಿಡುತ್ತಿತ್ತು, ಅದೇ ಬೆರಳು ಮತ್ತೆ ತಟ್ಟೆಗೆ ಹೋಗುತ್ತಿತ್ತು. ನನಗೆ ಹೇಸಿಗೆಯಾಗಲಿಲ್ಲ ಎಂದರೆ ಸುಳ್ಳು. ಆದರೆ ಹೊಸ ಸೊಸೆ ಎಷ್ಟು ಬಾಯಿ ಬಿಡಬಹುದು? ಪ್ರಾಣ ಉಳಿಸಿದ ನಾಯಿಗೆ ಪ್ರೀತಿ ತೋರಿಸುತ್ತಾರೆ ಎಂದುಕೊಂಡು ಸುಮ್ಮನಾದೆ.

ಆ ಆಷಾಢದಲ್ಲಿ ನನಗೆ ಮೂರು ತಿಂಗಳು. ಕುರಿಗಳಿಗೆ ಕಾದ ಕಬ್ಬಿಣದಲ್ಲಿ ಗುರುತು ಹಾಕುವ ದಿನ ಅತ್ತೆ ನನ್ನನ್ನು ಅಟ್ಟಿಬಿಟ್ಟರು. ಬಸುರಿಯ ಎದುರಿಗೆ ಕಾದ ಕಬ್ಬಿಣ ಹಿಡಿಯಬಾರದು, ಹಿಡಿದವನಿಗೂ ಕೇಡು, ಕೂಸಿಗೂ ಕೇಡು ಎಂಬುದು ಅಲ್ಲಿನವರ ನಂಬಿಕೆ. ಪಕ್ಕದ ಮನೆಯ ಪುಟ್ತಾಯಮ್ಮನ ಜಗುಲಿಯಲ್ಲಿ ಹೋಗಿ ಕೂತೆ. ಅಲ್ಲಿಂದ ಯಜಮಾನರು ಅಂಗಿ ಬಿಚ್ಚಿ ನಿಂತಿದ್ದು ಕಾಣುತ್ತಿತ್ತು. ಪುಟ್ತಾಯಮ್ಮ ಅವರ ಹೊಟ್ಟೆ ನೋಡಿದಳು, ನನ್ನ ಹೊಟ್ಟೆ ನೋಡಿದಳು. "ಅಲ್ಲಾ ಕಣಮ್ಮಿ, ನಿಮ್ಮನೇಲಿ ಯಾರ್ಗ್ ಮೊದ್ಲು ಎರ್ಗೆ?" ಎಂದಳು. ನನಗೆ ನಕ್ಕು ನಕ್ಕು ಸಾಕಾಯಿತು. ಮನೆಗೆ ಹೋಗಿ ಅವರಿಗೂ ಹೇಳಿದೆ. ಅವರೂ ನಕ್ಕರು, ನಗುವಾಗ ಬಲಗೈ ಪಕ್ಕೆಗೆ ಹೋಯಿತು.

ಗೌರಿ ಹಬ್ಬದ ಹೊತ್ತಿಗೆ ನಗು ನಿಂತಿತು. ಅವರ ಮುಖ ಒಣಗಿತ್ತು, ತೋಳು ಸಣಕಲಾಗಿತ್ತು, ಹೊಟ್ಟೆಯ ಬಲಭಾಗ ಮಾತ್ರ ದಿನದಿನಕ್ಕೆ ಮುಂದೆ ಬರುತ್ತಿತ್ತು. ಬಲಕ್ಕೆ ಮಲಗಲು ಆಗುತ್ತಿರಲಿಲ್ಲ. ಒಂದು ದಿನ ಎಣ್ಣೆ ಹಚ್ಚುವ ನೆಪದಲ್ಲಿ ಕೈಯಿಟ್ಟು ನೋಡಿದೆ. ಪಕ್ಕೆಲುಬಿನ ಕೆಳಗೆ ನುಣ್ಣಗೆ, ಗುಂಡಗೆ, ಎಳನೀರು ಬುರುಡೆಯೊಂದನ್ನು ಚರ್ಮದೊಳಗೆ ಇಟ್ಟು ಹೊಲಿದ ಹಾಗೆ. ಒತ್ತಿದರೆ ಅದೂ ನನ್ನ ಕೈಯನ್ನು ಒತ್ತಿತು. ನನ್ನ ಹೊಟ್ಟೆಯಲ್ಲಿ ಕೂಸು ಇನ್ನೂ ಮಿಸುಕಿರಲಿಲ್ಲ. ಅವರ ಹೊಟ್ಟೆಯಲ್ಲಿರುವುದು ಏನು?

ಅವರಿಗೆ ಮಾತ್ರ ಅದರ ಹೆಸರು ಗೊತ್ತಿತ್ತು: ಉಬ್ಬರ. ಹಸಿ ಮೇವು ತಿಂದು ಕುರಿಯ ಹೊಟ್ಟೆ ಉಬ್ಬಿ ಸಾಯುವ ಹಾಗಾದಾಗ, ಚೀಲ ಹೊಲಿಯುವ ದಬ್ಬಳವನ್ನು ಕಾಯಿಸಿ ಪಕ್ಕೆಗೆ ಚುಚ್ಚುವುದರಲ್ಲಿ ಅವರ ಕೈ ಪಳಗಿತ್ತು. ಬುಸ್ಸೆಂದು ಗಾಳಿ ಹೋಗಿ ಕುರಿ ಎದ್ದು ನಿಲ್ಲುತ್ತಿತ್ತು. ಅದನ್ನು ಅವರಿಗೆ ಕಲಿಸಿದವರು ಊರಿನ ನಾಟಿ ವೈದ್ಯ ಚಿಕ್ಕಮಾದಯ್ಯ. ಅವರೂ ಬಂದು ಹೊಟ್ಟೆ ತಟ್ಟಿ ನೋಡಿ, ಒಳಗೆ ನೀರು ನಿಂತಿದೆ, ಮಾಲಯ ಅಮಾವಾಸ್ಯೆಗೆ ಚುಚ್ಚಿ ಬಸಿಯೋಣ ಎಂದರು.

"ನೀರೋ ಗಾಳಿಯೋ, ಒರಗ್ ಬಂದ್ರಾಯ್ತು ಕಣಮ್ಮಿ. ಎಷ್ಟ್ ಕುರಿ ಬದುಕ್ಸಿಲ್ಲ ನಾನು?" ಎಂದರು ಯಜಮಾನರು.

"ನೀವ್ ಕುರಿಯಾ?" ಎಂದೆ.

ಅಮಾವಾಸ್ಯೆಗೆ ಇನ್ನು ಎಂಟು ದಿನವಿತ್ತು. ಕೊಳ್ಳೇಗಾಲದ ಲೇಡಿ ಡಾಕ್ಟರಿಗೆ ತೋರಿಸಿಕೋ ಎಂದು ನನ್ನ ತಾಯಿ ಹೊನ್ನೂರಿನಿಂದ ಹೇಳಿ ಕಳಿಸುತ್ತಲೇ ಇದ್ದಳು. ನಾನೊಬ್ಬಳೇ ಹೋಗುವುದಿಲ್ಲ, ನೀವು ಬರಲೇಬೇಕು ಎಂದು ಹಟ ಹಿಡಿದು ಅವರನ್ನು ಎಳೆದುಕೊಂಡು ಹೋದೆ. ಅವರು ಬಸುರಿ ಹೆಂಡತಿಗೆ ಜೊತೆಯಾಗಿ ಬರುತ್ತಿದ್ದೇನೆ ಎಂದುಕೊಂಡಿದ್ದರು. ನಾನು ಬೇರೆ ಲೆಕ್ಕ ಹಾಕಿದ್ದೆ.

ಡಾಕ್ಟರಮ್ಮ ನನ್ನನ್ನು ನೋಡಿ ಮುಗಿಸಿದರು. ಬಾಗಿಲಲ್ಲಿ ಪಕ್ಕೆ ಹಿಡಿದು ನಿಂತಿದ್ದವರ ಕಡೆ ನಾನು ಕಣ್ಸನ್ನೆ ಮಾಡಿದೆ.

"ಯಾವ ಕಡೆ ನೋವು?" ಎಂದು ಕೇಳಿದರು ಆಕೆ.

"ಬಲಕ್ಕೆ ಕಣವ್ವ."

ಮಲಗಿಸಿ, ಬೆರಳಲ್ಲಿ ತಟ್ಟಿ ತಟ್ಟಿ ನೋಡಿದರು. ಮನೆಯಲ್ಲಿ ಕುರಿ ಇವೆಯೇ, ನಾಯಿ ಇದೆಯೇ ಎಂದರು. ಯಜಮಾನರಿಗೆ ಖುಷಿಯಾಗಿ ಕೆಂಚನ ಕಿವಿಯ ಕಥೆ ಶುರುಮಾಡಿದರು. ಆಕೆ ನಡುವೆಯೇ ತಡೆದು ನನ್ನ ಕಡೆ ತಿರುಗಿದರು. "ಕುರಿ ಕುಯ್ದಾಗ ಒಳಗೆ ನೀರುಗುಳ್ಳೆ ಇರುತ್ತಾ? ಅದನ್ನ ಏನು ಮಾಡ್ತೀರಿ?"

"ಕುಯ್ದು ನಾಯಿಗ್ ಆಕ್ತೀವಿ" ಎಂದೆ.

ಆಕೆ ಬಿಡಿಸಿ ಹೇಳಿದರು. ಆ ಗುಳ್ಳೆ ಬರೀ ನೀರಲ್ಲ, ಲಾಡಿಹುಳುವಿನ ಮರಿಗಳಿರುವ ಚೀಲ. ಅದನ್ನು ತಿಂದ ನಾಯಿಯ ಕರುಳಲ್ಲಿ ಹುಳು ಬೆಳೆದು ಮೊಟ್ಟೆ ಇಡುತ್ತದೆ. ಮೊಟ್ಟೆ ಕಣ್ಣಿಗೆ ಕಾಣುವುದಿಲ್ಲ. ನಾಯಿಯ ಮಲದಲ್ಲಿ ಹೊರಬಂದು ಹುಲ್ಲಿಗೆ, ನೀರಿಗೆ, ನಾಯಿಯ ಕೂದಲಿಗೆ, ನಾಲಿಗೆಗೆ ಅಂಟಿರುತ್ತದೆ. ಕುರಿ ಮೇದರೆ ಕುರಿಯೊಳಗೆ ಗುಳ್ಳೆ, ಮನುಷ್ಯ ನುಂಗಿದರೆ ಮನುಷ್ಯನೊಳಗೆ ಗುಳ್ಳೆ. ಯಜಮಾನರು ತಮ್ಮ ಬಲಗೈಯನ್ನು ನೋಡಿಕೊಂಡರು. ಆಮೇಲೆ, ಡಾಕ್ಟರಮ್ಮನಿಗೆ ಧೈರ್ಯ ಹೇಳುವವರಂತೆ, "ಅಮಾಸೆಗೆ ಚುಚ್ಚುಸ್ತೀವಿ ಬುಡವ್ವ" ಎಂದರು.

ಆಕೆ ಕುರ್ಚಿಯಿಂದ ಎದ್ದುಬಿಟ್ಟರು. "ಅದಕ್ಕೆ ಯಾರಾದರೂ ಸೂಜಿ ತಾಗಿಸಿದರೆ ಈ ಮನುಷ್ಯ ಅಲ್ಲೇ ಹೋಗಬಹುದು. ಉಳಿದರೂ ಆ ನೀರು ಒಳಗೆಲ್ಲ ಚೆಲ್ಲಿ, ಒಂದಿರೋ ಕಡೆ ನೂರಾಗುತ್ತೆ. ಚುಚ್ಚಬಾರದು, ಏಟು ಬೀಳಬಾರದು, ಭಾರ ಎತ್ತಬಾರದು. ಮೈಸೂರಿನಲ್ಲಿ ಆಪರೇಷನ್ ಮಾಡಿ ಇಡೀ ಚೀಲಾನೇ ತೆಗೀಬೇಕು. ಕೇಳಿಸ್ತೇನಮ್ಮ?" ಆ ಕೊನೆಯ ಮಾತು ನನಗೆ. ಕೇಳಿಸಿತ್ತು. ಇವತ್ತಿಗೂ ಕೇಳಿಸುತ್ತದೆ.

ಆಕೆ ಮೈಸೂರಿನ ಆಸ್ಪತ್ರೆಗೆ ಬರೆದರು. ದೀಪಾವಳಿ ಕಳೆದ ಮೇಲೆ ಕರೆದುಕೊಂಡು ಬನ್ನಿ ಎಂದು ನಾಲ್ಕೇ ದಿನದಲ್ಲಿ ಉತ್ತರವೂ ಬಂತು. ದೀಪಾವಳಿಗೆ ಇನ್ನೂ ಒಂದು ತಿಂಗಳ ಮೇಲಿತ್ತು.

ಅತ್ತೆಗೆ ಹೇಳಿದರೆ ಅವರು ಬಾಗಿಲಿಗೆ ಒರಗಿ ಕೂತರು. ನಮ್ಮ ಮಾವನವರು ಬಹಳ ಹಿಂದೆ ಏನೋ ಕಾಯಿಲೆಗೆ ಮೈಸೂರಿಗೆ ಹೋಗಿ, ಎತ್ತಿನ ಗಾಡಿಯಲ್ಲಿ ಬಿಳಿಬಟ್ಟೆ ಹೊದಿಸಿಕೊಂಡು ವಾಪಸು ಬಂದಿದ್ದರು. "ಆ ಊರ್ಗೆ ಓದೋರು ತಿರ್ಗಾ ಬರಕ್ಕಿಲ್ಲ ಕಣವ್ವ. ನನ್ ಮಗನ್ನ ಕಳ್ಸಕ್ಕಿಲ್ಲ ನಾನು" ಎಂದರು. ಅವರ ಭಯಕ್ಕೆ ಕಾರಣವಿರಲಿಲ್ಲ ಎಂದು ನಾನು ಹೇಗೆ ಹೇಳಲಿ? ಇಬ್ಬರಿಗೂ ಭಯ ಒಂದೇ, ದಾರಿ ಬೇರೆ. ನಡುವೆ ಕೂತ ಯಜಮಾನರು, ಯಾರು ಕೊನೆಗೆ ಮಾತಾಡಿದರೋ ಅವರ ಮಾತಿಗೆ ತಲೆಯಾಡಿಸುತ್ತಿದ್ದರು.

ಅಮಾವಾಸ್ಯೆಯ ದಿನ ಮಧ್ಯಾಹ್ನ. ಅತ್ತೆ ಎಂದೂ ಇಲ್ಲದ ಅಕ್ಕರೆಯಿಂದ, ಪುಟ್ತಾಯಮ್ಮನ ಜೊತೆ ಕೆರೆಗೆ ಹೋಗಿ ನಿಧಾನವಾಗಿ ಬಟ್ಟೆ ಒಗೆದುಕೊಂಡು ಬಾ ಎಂದರು. ಹೋದೆ. ಅರ್ಧ ಬಟ್ಟೆ ಒಗೆದ ಮೇಲೆ ಆ "ನಿಧಾನವಾಗಿ" ಎಂಬ ಮಾತು ನನ್ನ ತಲೆಗೆ ಹೊಕ್ಕಿತು. ಒದ್ದೆ ಬಟ್ಟೆಯನ್ನು ಕಲ್ಲಿನ ಮೇಲೆಯೇ ಬಿಟ್ಟು ಬಂದೆ. ಐದು ತಿಂಗಳ ಬಸುರಿ ಓಡಬಾರದು, ಓಡಿದೆ.

ಹಿತ್ತಲಲ್ಲಿ ಯಜಮಾನರು ಕಂಬಳಿಯ ಮೇಲೆ ಎಡಮಗ್ಗುಲಾಗಿ ಮಲಗಿದ್ದರು. ಹೊಟ್ಟೆಗೆ ಅರಿಸಿನ ಬಳಿದಿದ್ದರು. ಪಕ್ಕದಲ್ಲಿ ಇದ್ದಲಿನ ಕುಂಡ, ಕೆಂಪಗೆ ಕಾದ ದಬ್ಬಳ. ಚಿಕ್ಕಮಾದಯ್ಯ ಅದನ್ನು ಬಟ್ಟೆಯಲ್ಲಿ ಹಿಡಿದು ಎತ್ತಿದ್ದರು. ಅತ್ತೆ ಮಗನ ತಲೆ ಹಿಡಿದು ಕಣ್ಣು ಮುಚ್ಚಿಕೊಂಡಿದ್ದರು. ನನಗೆ ಕೂಗಲು ಉಸಿರಿರಲಿಲ್ಲ. ಹೋಗಿ ದಬ್ಬಳಕ್ಕೂ ಯಜಮಾನರ ಹೊಟ್ಟೆಗೂ ನಡುವೆ ಕಂಬಳಿಯ ಮೇಲೆ ದೊಪ್ಪೆಂದು ಕೂತೆ, ಸೆರಗು ಸರಿಸಿ ನನ್ನ ಹೊಟ್ಟೆಯನ್ನು ಚಿಕ್ಕಮಾದಯ್ಯನವರ ಮುಖಕ್ಕೆ ಹಿಡಿದೆ.

"ಇಲ್ಲಿ ಬಸ್ರಿ ಕೂತಿವ್ನಿ ಕಣಯ್ಯ. ಚುಚ್ಚೋದಾದ್ರೆ ಮೊದ್ಲು ನನ್ ಒಟ್ಟೆಗೆ ಚುಚ್ಚಿ."

ಚಿಕ್ಕಮಾದಯ್ಯನವರ ಕೈ ಹಾಗೆಯೇ ನಿಂತಿತು. ಅವರು ಕೆಟ್ಟವರಲ್ಲ; ಅವರ ನಂಬಿಕೆ ಅವರಿಗೆ ದೊಡ್ಡದು. ದಬ್ಬಳವನ್ನು ನೀರಿಗೆ ಅದ್ದಿದರು. ಚುಂಯ್ ಎಂದಿತು. "ಬಸ್ರಿ ಮುಂದೆ ನಾ ಕಬ್ಬುಣ ಇಡ್ಯಕ್ಕಿಲ್ಲ. ಎದ್ದೋಗು ಅಂದ್ರೆ ಇವ್ಳು ಏಳೂ ಅಂಗಿಲ್ಲ" ಎಂದು ಅತ್ತೆಗೆ ಹೇಳಿ ಚೀಲ ಕಟ್ಟಿಕೊಂಡರು. ಅವರು ಬೇಲಿ ದಾಟಿದ ಮೇಲೆ ನನಗೆ ಅಳು ಬಂತು. ಆಗಲೇ, ಆ ಗಡಿಬಿಡಿಯಲ್ಲಿ, ಹೊಟ್ಟೆಯೊಳಗೆ ಕೂಸು ಮೊದಲ ಸಲ ಮಿಸುಕಿತು.

ಅಂದಿನಿಂದ ದೀಪಾವಳಿಯವರೆಗೆ ನಾನು ಗಂಡನನ್ನು ಬಿಟ್ಟು ಕದಲಲಿಲ್ಲ. ಅವರು ಹೊಲಕ್ಕೆ ಹೋದರೆ ಹೊಲಕ್ಕೆ, ದೊಡ್ಡಿಗೆ ಹೋದರೆ ದೊಡ್ಡಿಗೆ. "ಗಂಡನ್ ಬಾಲ" ಎಂದು ಊರೇ ಆಡಿಕೊಂಡಿತು. ಆಡಿಕೊಳ್ಳಲಿ ಬಿಡಿ, ನನಗೆ ಕಣ್ಣಿಗೆ ಕಂಡದ್ದೆಲ್ಲ ಆ ಚೀಲವನ್ನು ಒಡೆಯಲು ಬಂದ ಹಾಗೆ ಕಾಣುತ್ತಿತ್ತು. ಟಗರುಗಳನ್ನು ಪುಟ್ತಾಯಮ್ಮನ ದೊಡ್ಡಿಗೆ ಸಾಗಿಸಿದೆ. ಗಾಡಿಯ ಮೂಕಿ, ಅಂದರೆ ನೊಗ ಕಟ್ಟುವ ಉದ್ದನೆಯ ಮರ, ಅವರ ಸೊಂಟದ ಎತ್ತರಕ್ಕೆ ಚಾಚಿಕೊಂಡಿದೆ ಎಂದು ಅಲ್ಲಿಯವರೆಗೆ ನಾನು ಗಮನಿಸಿಯೇ ಇರಲಿಲ್ಲ. ಅವರು ಕೆಮ್ಮಿದರೆ ನನ್ನ ಜೀವ ಬಾಯಿಗೆ ಬರುತ್ತಿತ್ತು. ಎಲ್ಲಕ್ಕಿಂತ ಭಯವಾದದ್ದು ಕೆಂಚನದು. ಅವರನ್ನು ಕಂಡರೆ ಅದು ಮುಂಗಾಲೆತ್ತಿ ಎದೆಗೆ ಹಾರುತ್ತಿತ್ತು. ಅದನ್ನು ಕಟ್ಟಿಹಾಕಿದೆ. ಹಗಲೆಲ್ಲ ಅದು ಕುಂಯ್‌ಗುಟ್ಟುತ್ತ, ನಾನೇನು ತಪ್ಪು ಮಾಡಿದೆ ಎಂಬಂತೆ ನನ್ನನ್ನೇ ನೋಡುತ್ತಿತ್ತು.

ದೀಪಾವಳಿಗೆ ಮಾದಪ್ಪನ ಬೆಟ್ಟಕ್ಕೆ ಹೋದ ಜನವೆಲ್ಲ ಇಳಿದು ಬರುವ ದಿನಗಳಲ್ಲೇ ನಾವು ಹೊರಡಬೇಕಾಗಿತ್ತು. ಹನೂರಿನಲ್ಲಿ ಬಸ್ಸು ಬಂದಾಗ ಬಾಗಿಲಲ್ಲೇ ಜನ ಜೋತುಬಿದ್ದಿದ್ದರು. ಒಂದು ಮೊಣಕೈ ಸಾಕು ಎಂದುಕೊಂಡೆ. ಕಂಡಕ್ಟರನ ತೋಳು ಹಿಡಿದು, "ಅಣ್ಣಾ, ಇವರ್ ಒಟ್ಟೇಲಿ ಒಂದ್ ಚೀಲ ಅದೆ, ಒಡೆದ್ರೆ ಸತ್ತೋಯ್ತಾರೆ" ಎಂದೆ. ಅವನಿಗೆ ಏನು ಅರ್ಥವಾಯಿತೋ, ನನ್ನ ಮುಖ ನೋಡಿ ಮುಂದಿನ ಸೀಟು ಖಾಲಿ ಮಾಡಿಸಿದ. ಅತ್ತೆಯೂ ಬಂದಿದ್ದರು. ಮಗನನ್ನು ಕಿಟಕಿಗೆ ಕೂರಿಸಿ, ಈ ಕಡೆ ನಾನು, ಮುಂದೆ ಅತ್ತೆ ನಿಂತು, ಕೊಳ್ಳೇಗಾಲದವರೆಗೆ ಇಬ್ಬರೂ ಕೈಯನ್ನು ಬೇಲಿ ಹಾಗೆ ಕಟ್ಟಿದ್ದೆವು. ಪ್ರತಿ ಹಳ್ಳಕ್ಕೂ ಬಸ್ಸು ಎಗರಿದಾಗ ನಾನು ಅವರ ಮುಖ ನೋಡುತ್ತಿದ್ದೆ. ಅವರು ಕಣ್ಣು ಮುಚ್ಚಿ, ಎರಡೂ ಕೈಯಲ್ಲಿ ಹೊಟ್ಟೆ ಹಿಡಿದಿದ್ದರು. ಪಕ್ಕದಲ್ಲಿ ನಾನೂ ಹಾಗೆಯೇ.

ಆಪರೇಷನ್ ಆದ ಬೆಳಿಗ್ಗೆ ಆಸ್ಪತ್ರೆಯ ಜಗುಲಿಯಲ್ಲಿ ಅತ್ತೆಯೂ ನಾನೂ ಕಾದು ಕೂತೆವು. ಬಾಗಿಲು ತೆರೆದಾಗಲೆಲ್ಲ ಅತ್ತೆ ಬಿಳಿಬಟ್ಟೆ ನೋಡಿ ಬೆಚ್ಚುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ವಯಸ್ಸಾದ ಡಾಕ್ಟರೊಬ್ಬರು ಬಂದು, ಜೀವಕ್ಕೆ ಭಯವಿಲ್ಲ, ಚೀಲ ಒಡೆಯದೆ ಬಂತು ಎಂದರು. ನೋಡುತ್ತೀರಾ ಎಂದು ಒಂದು ಬೇಸನ್ ತರಿಸಿದರು. ಹೊರತೆಗೆದ ಮೇಲೆ ಚೀಲವನ್ನು ಸೀಳಿದ್ದರು. ಎಳೆ ತೆಂಗಿನ ಗಂಜಿಯಂಥ ಬಿಳಿ ಪೊರೆ. ಅದರೊಳಗೆ ತಿಳಿನೀರಿನಲ್ಲಿ ದ್ರಾಕ್ಷಿಯಂಥ ಸಣ್ಣ ಸಣ್ಣ ಗುಳ್ಳೆಗಳು, ಎಣಿಸಲಾಗದಷ್ಟು. ನಾನು ಇದನ್ನು ಎಷ್ಟು ಸಲ ಕೈಯಲ್ಲಿ ಹಿಡಿದಿರಲಿಲ್ಲ! ಒಡೆಯದ ಹಾಗೆ ಸುತ್ತ ಕುಯ್ದು, ಕಲ್ಲಿನ ಮೇಲೆ ಇಟ್ಟವಳು ನಾನೇ.

"ಎಷ್ಟ್ ವರ್ಸದ್ದು ಸಾ ಇದು?" ಎಂದರು ಅತ್ತೆ.

"ಇಷ್ಟು ದೊಡ್ಡದಾಗಬೇಕಾದರೆ ಹತ್ತು ಹದಿನೈದು ವರ್ಷ ಆಗಿರಬೇಕಮ್ಮ. ಚಿಕ್ಕ ಹುಡುಗನಾಗಿದ್ದಾಗಲೇ ಒಳಗೆ ಹೋಗಿರುತ್ತೆ."

ಆಗ ಆ ಮನೆಯಲ್ಲಿ ನಾನಿರಲಿಲ್ಲ. ಕೆಂಚ ಹುಟ್ಟಿಯೇ ಇರಲಿಲ್ಲ. ನನಗೆ ಮೊದಲು ಆದದ್ದು ಸಮಾಧಾನ, ನಾಚಿಕೆಯಿಲ್ಲದೆ ಹೇಳುತ್ತೇನೆ. ನಾನಲ್ಲ, ನಾನಲ್ಲ ಎಂದು ಮನಸ್ಸು ಕುಣಿಯಿತು. ಆಮೇಲೆ ಅತ್ತೆಯ ಮುಖ ನೋಡಿದೆ. ಅವರು ಬೇಸನ್ನನ್ನೇ ನೋಡುತ್ತ, "ಅಂಗಾರೆ ನಾನೇ" ಎಂದರು. ಅಷ್ಟೇ. ನಾನು ಅವರ ಕೈ ಹಿಡಿದುಕೊಂಡೆ. ಆ ಕೈ ತಣ್ಣಗಿತ್ತು.

ಹೊರಡುವ ದಿನ ಆ ಡಾಕ್ಟರನ್ನು ಒಬ್ಬಳೇ ಹೋಗಿ ಕಂಡೆ. "ಸಾ, ಎರಡ್ ವರ್ಸದಿಂದ ಆ ನಾಯಿ ನನ್ ಕೈನೂ ನೆಕ್ತದೆ. ನನ್ನೊಳ್ಗೂ ಇದ್ದದಾ? ಈ ಕೂಸ್ಗೆ?"

ಕೂಸಿಗೆ ಹೊಟ್ಟೆಯೊಳಗಿರುವಾಗ ಹಾಗೆ ಬರುವುದಿಲ್ಲ, ಹುಟ್ಟಿದ ಮೇಲೆ ನಾಯಿಯಿಂದ ಜೋಪಾನ ಮಾಡು ಎಂದರು. ನನ್ನ ವಿಷಯಕ್ಕೆ ಮಾತ್ರ ಹೀಗೆಂದರು: "ಈಗ ಹೇಳಕ್ಕಾಗಲ್ಲಮ್ಮ. ಇದ್ದರೂ ಹತ್ತಾರು ವರ್ಷ ಸುಮ್ಮನೆ ಇರಬಹುದು. ಇಲ್ಲದೆಯೂ ಇರಬಹುದು."

ನಾವು ಮನೆಗೆ ಬಂದಾಗ ಕೆಂಚ ಹಗ್ಗ ಕಿತ್ತುಕೊಂಡು ಓಡಿ ಬಂತು. ನಾನು ಅಡ್ಡ ನಿಂತೆ. ನಾಯಿಯನ್ನು ಕಾಡಿಗೆ ಬಿಟ್ಟು ಬರೋಣ ಎಂದು ಪುಟ್ತಾಯಮ್ಮ ಹೇಳಿದ್ದಕ್ಕೆ ಯಜಮಾನರು, "ಅದ್ರುದ್ ಏನ್ ತೆಪ್ಪು? ನಾವ್ ಆಕಿದ್ನ ಅದು ತಿಂತು" ಎಂದರು. ಮಧ್ಯಾಹ್ನ ಉಣ್ಣುವಾಗ ಮುದ್ದೆ ಮುರಿದು ಒಂದು ತುತ್ತನ್ನು ದೂರದ ಕಲ್ಲಿನ ಮೇಲೆ ಇಟ್ಟು ಬಂದರು. ಕೆಂಚ ಆ ತುತ್ತನ್ನು ಮೂಸಲೂ ಇಲ್ಲ. ಅವರ ಕೈಯನ್ನೇ ನೋಡುತ್ತ ಕೂತಿತು. ಅವರು ಆ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡರು. ಕಣ್ಣಲ್ಲಿ ನೀರು ತುಂಬಿತ್ತು. ಮೂರು ದಿನವಾದ ಮೇಲೆ ಕೆಂಚ ಕಲ್ಲಿನಿಂದ ತಿಂದಿತು.

ಆಮೇಲೆ ಆ ಮನೆಯಲ್ಲಿ ಕುರಿ ಕುಯ್ದಾಗಲೆಲ್ಲ ಅತ್ತೆ ಗುದ್ದಲಿ ತಾವೇ ಹಿಡಿಯುತ್ತಿದ್ದರು. ಗುಳ್ಳೆ ಚೂರುಗಳನ್ನು ಆಳವಾಗಿ ಹೂತು, ಮೇಲೆ ಮುಳ್ಳು ಹಾಕಿ, ಕಲ್ಲು ಹೇರುತ್ತಿದ್ದರು. ನಾಯಿಯ ಪಾಲಿಗೆ ನಮ್ಮ ಮಡಕೆಯಿಂದಲೇ ಬೆಂದ ಮಾಂಸ ತೆಗೆದಿಡುತ್ತಿದ್ದರು. ಸಾಯುವವರೆಗೂ ಆ ಕೆಲಸವನ್ನು ಬೇರೆಯವರಿಗೆ ಬಿಟ್ಟುಕೊಡಲಿಲ್ಲ.

ಯಜಮಾನರು ಎಪ್ಪತ್ತೆಂಟು ವರ್ಷ ಬದುಕಿದರು. ಹೊಟ್ಟೆಯ ಮೇಲಿನ ಉದ್ದನೆಯ ಗಾಯದ ಗುರುತನ್ನು ಮೊಮ್ಮಕ್ಕಳಿಗೆ ಚಿರತೆಯದು ಎಂದು ಹೇಳುತ್ತಿದ್ದರು. ನಾನು ತಿದ್ದುತ್ತಿರಲಿಲ್ಲ.

ಹೋದ ತಿಂಗಳು ಅಂಗಡಿಯಲ್ಲಿ ಒಡೆದ ಆ ಗುಳ್ಳೆಯನ್ನು ಕಾಗದದಲ್ಲಿ ಬಾಚಿ, ಮನೆಗೆ ತಂದು ಹಿತ್ತಲ ಒಲೆಯಲ್ಲಿ ಸುಟ್ಟೆ. ಕಾಲನ್ನು ಸೋಪು ಹಾಕಿ ಮೂರು ಸಲ ತೊಳೆದೆ. ಸ್ನಾನ ಮಾಡುವಾಗ ಬಲಗಡೆಯ ಪಕ್ಕೆಲುಬಿನ ಕೆಳಗೆ ಒತ್ತಿ ನೋಡಿಕೊಂಡೆ. ಐವತ್ತು ವರ್ಷದಿಂದ ಒಂದು ದಿನವೂ ತಪ್ಪಿಸಿಲ್ಲ. ಅಲ್ಲಿ ಏನೂ ಇಲ್ಲ. ಇದ್ದಿದ್ದರೆ ಇಷ್ಟು ಹೊತ್ತಿಗೆ ಕಾಣಿಸಿಕೊಳ್ಳುತ್ತಿತ್ತು ಎಂದು ಗೊತ್ತು.

ಸಂಜೆ ಮಗಳು ಫೋನು ಮಾಡಿದಳು. ಅಮಾವಾಸ್ಯೆಯ ಮಧ್ಯಾಹ್ನ ಹಿತ್ತಲಲ್ಲಿ ಮೊದಲ ಸಲ ಮಿಸುಕಿದವಳು, ಈಗ ಅವಳೇ ಅಜ್ಜಿ. ಅದೂ ಇದೂ ಮಾತಾಡಿ ಕೊನೆಗೆ, "ಯಾಕೋ ಎರಡು ದಿನದಿಂದ ಹೊಟ್ಟೆನೋವು ಕಣವ್ವ" ಎಂದಳು.

ಏನು ತಿಂದೆ ಎಂದು ನಾನು ಕೇಳಲಿಲ್ಲ. ಯಾವತ್ತೂ ಕೇಳುವುದಿಲ್ಲ.

"ಯಾವ ಕಡೆ?" ಎಂದೆ.